ಮದ್ಯವ್ಯಸನದಿಂದ ಹೊರಬರುತ್ತಿರುವವರಿಗೆ ಕುಟುಂಬದ ನೆರವು: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಹಾಗೂ ಈ ಎರಡು ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿಸಲಾದ ಕಡಬ ತಾಲ್ಲೂಕಿನಲ್ಲಿ ಅಡಿಕೆ, ರಬ್ಬರ್, ತೆಂಗು ಮತ್ತು ಗೇರು ಕೃಷಿಯನ್ನು ಅವಲಂಬಿಸಿದ ಕುಟುಂಬಗಳೇ ಹೆಚ್ಚು. ಮನೆಯಲ್ಲಿ ದುಡಿಯುವ ವ್ಯಕ್ತಿಯು ಮದ್ಯವ್ಯಸನಕ್ಕೆ ಒಳಗಾದಲ್ಲಿ ಅದರ ಪರಿಣಾಮವು ಮನೆಯ ಅಡಿಗೆಕೋಣೆಯಿಂದ ಮಕ್ಕಳ ಶಾಲೆಯವರೆಗೂ ತಲುಪುತ್ತದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಲಾಗಿದೆ. ಆದಾಗ್ಯೂ ವ್ಯಸನವು ಒಂದು ಪಾನೀಯದಿಂದ ಮತ್ತೊಂದಕ್ಕೆ ಬದಲಾಗುತ್ತದೆಯೇ ಹೊರತು ತಾನಾಗಿ ನಿಲ್ಲುವುದಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ನಡೆಸಿ, 2019ರಲ್ಲಿ ಪ್ರಕಟಗೊಂಡ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯದ ಅವಲಂಬನೆಗೆ ಒಳಗಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಅಥವಾ ನೆರವು ಪಡೆದಿರುತ್ತಾರೆ. ಉಳಿದ 37 ಜನರ ಭಾರವನ್ನು ಹೊರುವವರು ಅವರ ಮನೆಯವರೇ ಆಗಿರುತ್ತಾರೆ. ಅಂತಹ ಕುಟುಂಬಗಳು ಯಾವ ಹಂತದಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಯಾವ ಸೇವೆಗಳನ್ನು ಎಲ್ಲಿ ಪಡೆಯಬಹುದು ಎಂಬುದನ್ನು ಈ ಪುಟದಲ್ಲಿ ತಿಳಿಸಲಾಗಿದೆ.

2. ವ್ಯಸನವು ಕಾಯಿಲೆಯೆಂದು ತಿಳಿಯುವುದು

ದಿನನಿತ್ಯ ಕುಡಿಯಬೇಕೆಂಬ ಒತ್ತಡ, ಪ್ರಮಾಣ ಹೆಚ್ಚುತ್ತಾ ಹೋಗುವುದು, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವುದು, ಕುಡಿದ ನಂತರ ನಡುಕ ನಿಲ್ಲುವುದು, ಕೆಲಸ ಮತ್ತು ಆರೋಗ್ಯ ಕೆಡುತ್ತಿದ್ದರೂ ಬಿಡಲಾಗದಿರುವುದು ಇವು ಅವಲಂಬನೆಯ ಲಕ್ಷಣಗಳಾಗಿವೆ. ಇದು ಕೇವಲ ನಡತೆಯ ದೋಷವಲ್ಲ. ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮ, 2017ರ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಸೇರಿಸಲಾಗಿದೆ. ಆದುದರಿಂದ ಇತರ ರೋಗಿಗಳಂತೆ ವ್ಯಸನಿಗೂ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕು ಇರುತ್ತದೆ.

3. ಕುಡಿತ ನಿಲ್ಲಿಸಿದ ಮೊದಲ ದಿನಗಳು: ಬಹು ಮುಖ್ಯ ಎಚ್ಚರಿಕೆ

ಅನೇಕ ವರ್ಷಗಳಿಂದ ಪ್ರತಿದಿನ ಕುಡಿಯುತ್ತಿರುವ ವ್ಯಕ್ತಿಯು ಒಮ್ಮೆಲೇ ಕುಡಿತ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಕುಡಿತ ಬಿಟ್ಟರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಯಿಂದ ಮನೆಯವರು ಈ ವಿಷಯವನ್ನು ಗಮನಿಸುವುದಿಲ್ಲ. ಮದ್ಯಕ್ಕೆ ಒಗ್ಗಿಹೋದ ಮೆದುಳು ಅದು ದಿಢೀರನೆ ಇಲ್ಲವಾದಾಗ ಅತಿಯಾಗಿ ಉದ್ರೇಕಗೊಳ್ಳುತ್ತದೆ. ಇದರ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ:

ಅ) ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳಲ್ಲಿ: ಕೈ ನಡುಕ, ಬೆವರು, ವಾಂತಿ, ಎದೆಬಡಿತ, ನಿದ್ರಾಹೀನತೆ, ಚಡಪಡಿಕೆ.

ಆ) ಮೊದಲ 48 ಗಂಟೆಗಳೊಳಗೆ: ಕೆಲವರಲ್ಲಿ ಫಿಟ್ಸ್ ಬರುತ್ತದೆ. ಹಿಂದೆ ಎಂದೂ ಫಿಟ್ಸ್ ಬಾರದವರಿಗೂ ಬರಬಹುದು.

ಇ) 2ರಿಂದ 4ನೆಯ ದಿನದಲ್ಲಿ: ಕೆಲವರಲ್ಲಿ ಜ್ವರ, ತೀವ್ರ ಗೊಂದಲ, ಇಲ್ಲದ್ದು ಕಾಣುವುದು, ಇಲ್ಲದ ದನಿ ಕೇಳುವುದು, ಮೈಮೇಲೆ ಹುಳು ಹರಿದಂತಾಗುವುದು, ಮನೆಯವರ ಗುರುತು ತಪ್ಪುವುದು. ಇದು ತುರ್ತು ಸ್ಥಿತಿಯಾಗಿದ್ದು, ಚಿಕಿತ್ಸೆ ದೊರೆಯದಿದ್ದಲ್ಲಿ ಸಾವು ಸಂಭವಿಸಬಹುದು.

ಈ ತಾಲ್ಲೂಕುಗಳಲ್ಲಿ ಹಠಾತ್ತನೆ ಕುಡಿತ ನಿಲ್ಲುವ ಸಂದರ್ಭಗಳು ಮುಖ್ಯವಾಗಿ ಮೂರು.

ಮೊದಲನೆಯದು, ಹರಕೆ ಮತ್ತು ಪ್ರಮಾಣ. ದೈವಸ್ಥಾನದಲ್ಲಿ ಪ್ರಮಾಣ ಮಾಡಿ ಅಂದೇ ಕುಡಿತ ಬಿಡುವವರಿದ್ದಾರೆ. ನವೆಂಬರ್ ಮಧ್ಯಭಾಗದಲ್ಲಿ ಅಯ್ಯಪ್ಪ ಮಾಲೆ ಧರಿಸಿ 41 ದಿನಗಳ ವ್ರತ ಆರಂಭಿಸುವವರೂ ಇದ್ದಾರೆ. ಸಂಕಲ್ಪ ಶ್ಲಾಘನೀಯವೇ ಆಗಿದೆ. ಆದರೆ ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವರು ಪ್ರಮಾಣ ಮಾಡುವ ಅಥವಾ ಮಾಲೆ ಧರಿಸುವ ಮುನ್ನ ವೈದ್ಯರನ್ನು ಕಂಡು ಔಷಧಿ ಆರಂಭಿಸಿಕೊಳ್ಳುವುದು ಅಗತ್ಯ. ವ್ರತ ಹಿಡಿದ ಮೂರನೆಯ ದಿನ ವ್ಯಕ್ತಿಯು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದನ್ನು ವ್ರತಭಂಗದ ದೋಷವೆಂದೋ, ಸೋಂಕು ಅಥವಾ ಉಪದ್ರವೆಂದೋ ಭಾವಿಸಿ ಕಾಲಹರಣ ಮಾಡಬಾರದು. ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ರಶ್ನೆ ಕೇಳಿಸುವುದು, ಪ್ರಾರ್ಥನೆ ಸಲ್ಲಿಸುವುದು ಆನಂತರವೂ ಸಾಧ್ಯವಿರುತ್ತದೆ.

ಎರಡನೆಯದು, ಬೇರೆ ಕಾರಣಕ್ಕೆ ಆಸ್ಪತ್ರೆ ಸೇರುವುದು. ಅಡಿಕೆ ಮರದಿಂದ ಬಿದ್ದು ಕಾಲು ಮುರಿದವರು, ಬೈಕ್ ಅಪಘಾತಕ್ಕೆ ಒಳಗಾದವರು, ಶಸ್ತ್ರಚಿಕಿತ್ಸೆಗೆ ದಾಖಲಾದವರು ಮೂರು ದಿನ ಮಂಚದ ಮೇಲಿರುತ್ತಾರೆ. ಆ ಮೂರು ದಿನ ಅವರಿಗೆ ಮದ್ಯ ಸಿಗುವುದಿಲ್ಲ. ಮರ್ಯಾದೆಗೆ ಅಂಜಿ ಮನೆಯವರು ಕುಡಿತದ ವಿಷಯವನ್ನು ವೈದ್ಯರಿಂದ ಮುಚ್ಚಿಡುತ್ತಾರೆ. ಹೀಗೆ ಮುಚ್ಚಿಡಬಾರದು. ಪ್ರತಿದಿನ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಬಾರಿ ಯಾವಾಗ ಎಂಬ ಮೂರು ವಿವರಗಳನ್ನು ದಾಖಲಾದ ದಿನವೇ ತಿಳಿಸಿದಲ್ಲಿ ಅಪಾಯವನ್ನು ಮುಂಚಿತವಾಗಿಯೇ ತಪ್ಪಿಸಬಹುದಾಗಿದೆ.

ಮೂರನೆಯದು, ಮನೆಯವರೇ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಪ್ರಯತ್ನಿಸುವುದು. ಇದು ಅಪಾಯಕರ; ಎಂದಿಗೂ ಮಾಡಬಾರದು.

ವೈದ್ಯರ ನಿಗಾದಲ್ಲಿ ಕುಡಿತ ನಿಲ್ಲಿಸುವಾಗ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂತಹ ಔಷಧಿಗಳನ್ನು ಕೆಲವು ದಿನಗಳ ಕಾಲ ನೀಡಿ ಕ್ರಮೇಣ ಕಡಿಮೆ ಮಾಡಲಾಗುತ್ತದೆ. ಜೊತೆಗೆ ಥಯಾಮಿನ್ ಎಂಬ ಬಿ-1 ಜೀವಸತ್ವವನ್ನು ಕೊಡಲಾಗುತ್ತದೆ. ಸದರಿ ಔಷಧಿಗಳನ್ನು ಔಷಧಿ ಅಂಗಡಿಯಿಂದ ತಾವಾಗಿಯೇ ಖರೀದಿಸಿ ಕೊಡತಕ್ಕದ್ದಲ್ಲ. ಮದ್ಯದೊಂದಿಗೆ ಇವುಗಳನ್ನು ಸೇವಿಸಿದರೆ ಉಸಿರಾಟವೇ ನಿಲ್ಲಬಹುದು.

ಫಿಟ್ಸ್, ಗೊಂದಲ, ರಕ್ತವಾಂತಿ ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದಲ್ಲಿ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು. ವಾಹನ ಬರುವವರೆಗೆ ವ್ಯಕ್ತಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ನೀರು, ಚಮಚ ಅಥವಾ ಕಬ್ಬಿಣದ ವಸ್ತು ಹಾಕಬಾರದು.

4. ಚಿಕಿತ್ಸೆ ಪಡೆಯುವ ಸ್ಥಳಗಳು

ಅ) ಪುತ್ತೂರು ಮತ್ತು ಸುಳ್ಯದ ತಾಲ್ಲೂಕು ಆಸ್ಪತ್ರೆಗಳು ಹಾಗೂ ಕಡಬದ ಸರ್ಕಾರಿ ಆಸ್ಪತ್ರೆ: ಹೊರರೋಗಿ ವಿಭಾಗದಲ್ಲಿ ವೈದ್ಯಾಧಿಕಾರಿಯವರನ್ನು ಮೊದಲು ಕಾಣಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹಾಗೂ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಮಟ್ಟದಲ್ಲಿ ಮನೋರೋಗ ತಜ್ಞರ ಸೇವೆ ಒದಗಿಸುವ ವ್ಯವಸ್ಥೆಯನ್ನು ರೂಪಿಸಲಾಗಿದೆ. ತಜ್ಞರು ಬರುವ ದಿನವನ್ನು ಆಸ್ಪತ್ರೆಯಲ್ಲಿ ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯವರ ಮೂಲಕ ವಿಚಾರಿಸಿಕೊಂಡು ಹೋದಲ್ಲಿ ಒಂದು ದಿನದ ಕೂಲಿ ಮತ್ತು ಬಸ್ ಖರ್ಚು ಉಳಿಯುತ್ತದೆ.

ಆ) ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ: ದಾಖಲಾತಿ ಅಗತ್ಯವಿರುವ ಪ್ರಕರಣಗಳನ್ನು ಇಲ್ಲಿಗೆ ಕಳುಹಿಸಬಹುದಾಗಿದೆ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದೂರವಿದ್ದು, ಸುಳ್ಯ ಮತ್ತು ಕಡಬದಿಂದ ಇನ್ನೂ ಹೆಚ್ಚು. ಆದುದರಿಂದ ತುರ್ತು ಸ್ಥಿತಿಯಲ್ಲಿ ನೇರವಾಗಿ ಮಂಗಳೂರಿಗೆ ಹೊರಡದೆ, ಸಮೀಪದ ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಪಡೆದು ಮುಂದುವರಿಯುವುದು ಸೂಕ್ತ.

ಇ) ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ: ಜಟಿಲ ಪ್ರಕರಣಗಳಿಗೆ.

ಈ) ದೂರವಾಣಿ ಸಲಹೆ: 2022ರ ಅಕ್ಟೋಬರ್ 10ರಂದು ಆರಂಭಗೊಂಡ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡವಲ್ಲದೆ ತಮಿಳು ಮತ್ತು ಮಲಯಾಳಂ ಭಾಷೆಗಳಲ್ಲಿಯೂ ಮಾತನಾಡಬಹುದಾದ ಕಾರಣ, ಸುಳ್ಯ ಮತ್ತು ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ನೆಲೆಸಿರುವ ತಮಿಳು ಕುಟುಂಬಗಳು ಹಾಗೂ ಗಡಿಭಾಗದ ಮಲಯಾಳಿ ಕುಟುಂಬಗಳು ಸಹ ಇದರ ಪ್ರಯೋಜನ ಪಡೆಯಬಹುದಾಗಿದೆ. ವ್ಯಸನಿಯು ಮಾತನಾಡಲು ಒಪ್ಪದಿದ್ದರೂ ಮನೆಯವರು ತಾವೇ ಕರೆ ಮಾಡಿ ಸಲಹೆ ಪಡೆಯಬಹುದು.

ಆಸ್ಪತ್ರೆಗೆ ಹೋಗುವಾಗ ತರಬೇಕಾದವು: ರೋಗಿಯ ಆಧಾರ್ ಕಾರ್ಡ್, ಪಡಿತರ ಚೀಟಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದಲ್ಲಿ ಅದು, ಹಳೆಯ ಚಿಕಿತ್ಸಾ ಚೀಟಿಗಳು, ಈಗ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ. ತುರ್ತು ಸಂದರ್ಭದಲ್ಲಿ ದಾಖಲೆಗಳಿಲ್ಲವೆಂಬ ಕಾರಣಕ್ಕೆ ಮನೆಯವರು ಹೊರಡಲು ತಡಮಾಡಬಾರದು.

5. ಮದ್ಯವರ್ಜನ ಶಿಬಿರಗಳು

ಈ ಭಾಗದ ಜನರಿಗೆ ಮದ್ಯವರ್ಜನ ಶಿಬಿರವು ಪರಿಚಿತ ವ್ಯವಸ್ಥೆಯಾಗಿದೆ. 1982ರಲ್ಲಿ ಆರಂಭಗೊಂಡ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ಸ್ಥಳೀಯ ಸಮಿತಿಗಳ ಸಹಕಾರದೊಂದಿಗೆ ಸಾವಿರಕ್ಕೂ ಹೆಚ್ಚು ಶಿಬಿರಗಳು ರಾಜ್ಯದಲ್ಲಿ ನಡೆದಿವೆ. ಸಾಮಾನ್ಯವಾಗಿ ಎಂಟು ದಿನಗಳ ಈ ಶಿಬಿರದಲ್ಲಿ ಶಿಬಿರಾರ್ಥಿಗಳು ಸಭಾಭವನವೊಂದರಲ್ಲಿ ಒಟ್ಟಿಗೆ ಉಳಿದು ಚಿಕಿತ್ಸೆ, ಯೋಗ, ಸಲಹೆ ಮತ್ತು ಗುಂಪು ಚರ್ಚೆಗಳಲ್ಲಿ ಭಾಗವಹಿಸುತ್ತಾರೆ. ಕುಡಿತ ಬಿಟ್ಟವರು ಆನಂತರ ತಮ್ಮ ಊರಿನ ನವಜೀವನ ಸಮಿತಿಯಲ್ಲಿ ಸೇರುತ್ತಾರೆ.

ಶಿಬಿರದ ಬಲವಿರುವುದು ಊರಿನವರೆದುರಿಗೆ ಮಾಡಿದ ನಿರ್ಧಾರದಲ್ಲಿ ಮತ್ತು ಅದೇ ಸ್ಥಿತಿಯಿಂದ ಹೊರಬಂದವರ ಒಡನಾಟದಲ್ಲಿ. ಆದರೆ ಹಿಂದೆ ಫಿಟ್ಸ್ ಬಂದವರು, ಗೊಂದಲಕ್ಕೆ ಒಳಗಾದವರು, ಯಕೃತ್ತಿನ ಕಾಯಿಲೆ, ಹೃದ್ರೋಗ ಅಥವಾ ಹತೋಟಿಯಲ್ಲಿಲ್ಲದ ಮಧುಮೇಹ ಇರುವವರು ಮೊದಲು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ವಿವರಗಳನ್ನು ಶಿಬಿರದ ಸಂಘಟಕರಿಗೂ ತಿಳಿಸಬೇಕು. ಎಂಟು ದಿನಗಳು ಚಿಕಿತ್ಸೆಯ ಆರಂಭವೇ ಹೊರತು ಮುಕ್ತಾಯವಲ್ಲ ಎಂಬುದನ್ನು ಮನೆಯವರು ಮನಗಾಣಬೇಕು.

ಇದೇ ರೀತಿ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಮಂಗಳೂರು ಮೊದಲಾದ ನಗರಗಳಲ್ಲಿ ನಡೆಯುತ್ತವೆ. ಹೆಸರು ಬಹಿರಂಗಪಡಿಸಲು ಇಚ್ಛಿಸದವರಿಗೆ ಇವು ಅನುಕೂಲ.

6. ವ್ಯಕ್ತಿಯು ಚಿಕಿತ್ಸೆಗೆ ಒಪ್ಪದಿದ್ದಲ್ಲಿ

ಕುಡಿದ ಅಮಲಿನಲ್ಲಿರುವಾಗ ವಾದ ಮಾಡುವುದರಿಂದ ಪ್ರಯೋಜನವಿಲ್ಲ. ಬೆಳಗಿನ ಹೊತ್ತು, ಅಮಲು ಇಳಿದಿರುವಾಗ, ಮನೆಯಲ್ಲಿ ಅವರು ಗೌರವಿಸುವ ಒಬ್ಬರು (ಸೋದರಮಾವ, ಅಣ್ಣ, ಭಾವ ಅಥವಾ ಹಳೆಯ ಶಾಲಾ ಶಿಕ್ಷಕರು) ಶಾಂತವಾಗಿ ಮಾತನಾಡುವುದು ಸೂಕ್ತ. ಬೈಗುಳಕ್ಕಿಂತ ನಡೆದ ಘಟನೆಗಳನ್ನು ಹೆಸರಿಸುವುದು ಹೆಚ್ಚು ಪರಿಣಾಮಕಾರಿ. “ನಿನ್ನಿಂದ ಮನೆ ಹಾಳಾಯಿತು” ಎನ್ನುವುದಕ್ಕಿಂತ “ಮೊನ್ನೆ ಸಂತೆಯ ದಿನ ಮಗಳು ರಸ್ತೆಬದಿ ನಿಮ್ಮನ್ನು ಎಬ್ಬಿಸಿ ಕರೆತಂದಳು, ಮರುದಿನ ಶಾಲೆಗೆ ಹೋಗಲಿಲ್ಲ” ಎಂಬ ಮಾತು ಮನಸ್ಸಿಗೆ ತಾಗುತ್ತದೆ. ಒಪ್ಪಿದ ದಿನವೇ ಆಸ್ಪತ್ರೆಗೆ ಹೋಗಲು ಸಾಧ್ಯವಾಗುವಂತೆ ವಾಹನ, ಹಣ ಮತ್ತು ಜೊತೆಗಿರುವವರನ್ನು ಮೊದಲೇ ಗೊತ್ತುಪಡಿಸಿಕೊಂಡಿರಬೇಕು.

ಬಲವಂತದ ದಾಖಲಾತಿಯ ಬಗ್ಗೆ ಕಾನೂನಿನ ನಿಲುವು ಹೀಗಿದೆ. 2017ರ ಅಧಿನಿಯಮದ ಪ್ರಕಾರ ರೋಗಿಯು ಸ್ವತಃ ಒಪ್ಪಿ ದಾಖಲಾಗುವುದು ಸಾಮಾನ್ಯ ಕ್ರಮ. ವ್ಯಕ್ತಿಯು ತನಗೆ ಅಥವಾ ಇತರರಿಗೆ ದೈಹಿಕ ಹಾನಿ ಮಾಡುವ ಸ್ಥಿತಿಯಲ್ಲಿದ್ದು ಅಥವಾ ತನ್ನನ್ನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಒಳಗಾಗಿದ್ದು, ನಿರ್ಧಾರ ಕೈಗೊಳ್ಳಲು ಹೆಚ್ಚಿನ ಬೆಂಬಲ ಬೇಕಾಗಿದ್ದಲ್ಲಿ ಮಾತ್ರ, ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇರೆಗೆ, ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆಯ ನಂತರ ಗರಿಷ್ಠ 30 ದಿನಗಳವರೆಗೆ ದಾಖಲಿಸಿಕೊಳ್ಳಲು ಅವಕಾಶವಿದೆ (ಕಲಂ 89). ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಕಲಂ 95ರಲ್ಲಿ ನಿಷೇಧಿಸಲಾಗಿದೆ. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದು ಅಧಿನಿಯಮದಡಿ ನೋಂದಾಯಿತವಾಗಿದೆಯೇ, ವೈದ್ಯರು ಇದ್ದಾರೆಯೇ, ಮನೆಯವರು ಭೇಟಿ ಮಾಡಬಹುದೇ ಎಂಬುದನ್ನು ವಿಚಾರಿಸಿ, ನೋಂದಣಿ ಪ್ರಮಾಣಪತ್ರವನ್ನು ನೋಡತಕ್ಕದ್ದು. ತಿಂಗಳುಗಟ್ಟಲೆ ಭೇಟಿಗೆ ಅವಕಾಶ ಕೊಡದ, ಹೊಡೆದು ಬಿಡಿಸುವುದಾಗಿ ಹೇಳುವ ಕೇಂದ್ರಗಳಿಂದ ದೂರವಿರಬೇಕು.

7. ತಿಳಿಯದಂತೆ ಔಷಧಿ ಬೆರೆಸಿ ಕೊಡುವುದು

ಊಟದಲ್ಲಿ ಬೆರೆಸಿ ಕೊಟ್ಟರೆ ಕುಡಿತ ಬಿಡುತ್ತಾರೆ ಎಂಬ ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಳ್ಳುವವರಿದ್ದಾರೆ. ಹಣಕ್ಕಿಂತ ದೊಡ್ಡ ಅಪಾಯ ಪ್ರಾಣಕ್ಕೆ ಇರುತ್ತದೆ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಸೇವಿಸಿದವರು ಮದ್ಯ ಕುಡಿದಲ್ಲಿ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾಯುವ ಸಂಭವವೂ ಇದೆ. ವೈದ್ಯರು ಈ ಮಾತ್ರೆಯನ್ನು ರೋಗಿಗೆ ವಿವರಿಸಿ, ಆತನ ಒಪ್ಪಿಗೆ ಪಡೆದು, ಪರೀಕ್ಷೆಗಳ ನಂತರವೇ ನೀಡುತ್ತಾರೆ. ಮಾತ್ರೆ ನಿಲ್ಲಿಸಿದ ಸುಮಾರು ಎರಡು ವಾರಗಳವರೆಗೂ ಅದರ ಪರಿಣಾಮ ಉಳಿಯಬಹುದು. ಈ ಅವಧಿಯಲ್ಲಿ ಬಿಯರ್, ಕಳ್ಳು ಮಾತ್ರವಲ್ಲದೆ ಮದ್ಯಾಂಶವಿರುವ ಅರಿಷ್ಟ, ಆಸವ ಮತ್ತು ಕೆಲವು ಟಾನಿಕ್‌ಗಳನ್ನೂ ವರ್ಜಿಸಬೇಕು. ಮನೆಯವರು ಯಾವ ಕಾರಣಕ್ಕೂ ಈ ಮಾತ್ರೆಯನ್ನು ಗುಟ್ಟಾಗಿ ಕೊಡಬಾರದು.

8. ಮನೆಗೆ ಮರಳಿದ ನಂತರ

ಆಸ್ಪತ್ರೆ ಅಥವಾ ಶಿಬಿರದಿಂದ ಬಂದ ವ್ಯಕ್ತಿಗೆ ಮೊದಲ ಮೂರು ತಿಂಗಳು ಅತ್ಯಂತ ಕಠಿಣವಾಗಿರುತ್ತದೆ. ನಿದ್ರೆ ಸರಿಯಾಗಿ ಬರುವುದಿಲ್ಲ, ಸಿಡುಕು ಹೆಚ್ಚು, ನಾಚಿಕೆಯೂ ಇರುತ್ತದೆ. ಕೆಳಕಂಡ ಅಂಶಗಳನ್ನು ಗಮನಿಸುವುದು.

ಅ) ಔಷಧಿ ಮತ್ತು ಮರುಭೇಟಿ: ವೈದ್ಯರು ಸೂಚಿಸಿದ ದಿನ ತಪ್ಪದೆ ಹೋಗಬೇಕು. ಸಾಧ್ಯವಾದಲ್ಲಿ ಮನೆಯ ಒಬ್ಬರು ಜೊತೆಗಿರಬೇಕು.

ಆ) ಹಳೆಯ ಮಾತು: ಮರ್ಯಾದೆ ಹೋದ ಹಳೆಯ ದಿನಗಳನ್ನು ಪ್ರತಿ ಊಟದ ಹೊತ್ತಿನಲ್ಲಿ ನೆನಪಿಸಬಾರದು. ಅನುಮಾನದಿಂದ ಬಾಯಿ ಮೂಸಿ ನೋಡುವುದು, ಜೇಬು ತಡಕುವುದು ವಿಶ್ವಾಸವನ್ನು ಕೆಡಿಸುತ್ತದೆ.

ಇ) ಜವಾಬ್ದಾರಿ: ಹಾಲು ಸೊಸೈಟಿಗೆ ಕೊಂಡೊಯ್ಯುವುದು, ತೋಟಕ್ಕೆ ನೀರು ಬಿಡುವುದು, ಮಕ್ಕಳನ್ನು ಬಸ್ಸಿಗೆ ಬಿಡುವುದು ಮೊದಲಾದ ಸಣ್ಣ ಕೆಲಸಗಳನ್ನು ಒಪ್ಪಿಸಬೇಕು. ಮನೆಯಲ್ಲಿ ತನ್ನ ಸ್ಥಾನ ಉಳಿದಿದೆ ಎಂಬ ಭಾವನೆಯು ಔಷಧಿಯಷ್ಟೇ ಮುಖ್ಯ.

ಈ) ಸಂದರ್ಭಗಳು: ಕೂಲಿ ಬಟವಾಡೆಯ ದಿನ, ಅಡಿಕೆ ಮಾರಿದ ದಿನ, ಮದುವೆ, ನೇಮ, ಜಾತ್ರೆ, ಹಾಗೆಯೇ ಕೆಲಸವಿಲ್ಲದ ಮಳೆಗಾಲದ ದಿನಗಳು ಮರುಕಳಿಕೆಗೆ ಹೆಚ್ಚು ಅವಕಾಶ ನೀಡುತ್ತವೆ. ಅಂತಹ ದಿನಗಳಲ್ಲಿ ಜೊತೆಗೆ ಒಬ್ಬರಿದ್ದು, ಬೇಗ ಮನೆಗೆ ಮರಳುವಂತೆ ಮುಂಚಿತವಾಗಿ ಮಾತನಾಡಿಕೊಳ್ಳಬೇಕು. 41 ದಿನಗಳ ವ್ರತ ಮುಗಿಸಿ ಮಾಲೆ ತೆಗೆಯುವ ದಿನವೂ ಇಂತಹುದೇ ಆಗಿದೆ. ವ್ರತದ ದಿನಗಳಲ್ಲಿ ಕುಡಿಯದೆ ಇರಲು ಸಾಧ್ಯವಾಗಿದ್ದರೆ ಮುಂದೆಯೂ ಸಾಧ್ಯ ಎಂಬ ಧೈರ್ಯವನ್ನು ಅಂದು ಹೇಳಬೇಕು.

ಉ) ಹಣದ ನಿರ್ವಹಣೆ: ದಿನಕ್ಕೆ 200 ರೂ. ಕುಡಿತಕ್ಕೆ ಹೋಗುತ್ತಿತ್ತೆಂದು ಭಾವಿಸಿದಲ್ಲಿ ತಿಂಗಳಿಗೆ 6,000 ರೂ., ವರ್ಷಕ್ಕೆ 73,000 ರೂ. ಆಗುತ್ತದೆ. ಕೆಲಸ ತಪ್ಪಿದ ದಿನಗಳ ಕೂಲಿ, ಕೈಸಾಲದ ಬಡ್ಡಿ ಮತ್ತು ಆಸ್ಪತ್ರೆ ವೆಚ್ಚ ಇದಕ್ಕೆ ಸೇರುವುದಿಲ್ಲ. ಹೀಗೆ ಉಳಿದ ಹಣವನ್ನು ಸ್ವಸಹಾಯ ಸಂಘದಲ್ಲಿ ಅಥವಾ ಅಂಚೆ ಕಚೇರಿಯ ಆರ್.ಡಿ. ಖಾತೆಯಲ್ಲಿ ಪ್ರತ್ಯೇಕವಾಗಿ ಜಮಾ ಮಾಡಿ ಪಾಸ್‌ಪುಸ್ತಕವನ್ನು ವ್ಯಕ್ತಿಗೆ ತೋರಿಸುವುದು ಒಳ್ಳೆಯದು. ಮೊದಲ ತಿಂಗಳುಗಳಲ್ಲಿ ದೊಡ್ಡ ಮೊತ್ತದ ನಗದು ವ್ಯಕ್ತಿಯ ಕೈಯಲ್ಲಿ ಇರದಂತೆ ಅವರದೇ ಒಪ್ಪಿಗೆಯಿಂದ ವ್ಯವಸ್ಥೆ ಮಾಡಿಕೊಳ್ಳಬೇಕು. ಮನೆಯ ಯಜಮಾನಿಯ ಖಾತೆಗೆ ಬರುವ ಹಣದ ಎ.ಟಿ.ಎಂ. ಕಾರ್ಡ್ ಮತ್ತು ಗುಪ್ತ ಸಂಖ್ಯೆ ಯಜಮಾನಿಯವರ ಬಳಿಯಲ್ಲಿಯೇ ಇರತಕ್ಕದ್ದು.

9. ಮರುಕಳಿಕೆ

ಮತ್ತೆ ಕುಡಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಮಧುಮೇಹ ಮತ್ತು ರಕ್ತದೊತ್ತಡದಂತೆ ವ್ಯಸನವೂ ಮರುಕಳಿಸುವ ಸ್ವಭಾವದ್ದಾಗಿದೆ. ಸಕ್ಕರೆ ಅಂಶ ಏರಿದಾಗ ಮನೆಯವರು ರೋಗಿಯನ್ನು ಹೊರಹಾಕುವುದಿಲ್ಲ, ವೈದ್ಯರ ಬಳಿ ಕರೆದೊಯ್ಯುತ್ತಾರೆ. ಇಲ್ಲಿಯೂ ಅದೇ ಕ್ರಮ. ಒಂದು ದಿನದ ತಪ್ಪನ್ನು ಬಚ್ಚಿಟ್ಟಾಗ ಅದು ಒಂದು ತಿಂಗಳಾಗುತ್ತದೆ. ತಕ್ಷಣ ಹೇಳಿಕೊಳ್ಳುವ ಧೈರ್ಯ ವ್ಯಕ್ತಿಗೆ ಬರಬೇಕಾದರೆ ಮನೆಯಲ್ಲಿ ಕೇಳಿಸಿಕೊಳ್ಳುವವರು ಇರಬೇಕು. ಮತ್ತೆ ಹಲವು ದಿನ ಸತತವಾಗಿ ಕುಡಿದಿದ್ದಲ್ಲಿ 3ನೆಯ ಭಾಗದ ಎಚ್ಚರಿಕೆಗಳು ಪುನಃ ಅನ್ವಯಿಸುತ್ತವೆ.

10. ಮನೆಯವರ ರಕ್ಷಣೆ

ನೆರವು ನೀಡುವುದೆಂದರೆ ಹಿಂಸೆಯನ್ನು ಸಹಿಸುವುದೆಂದು ಅರ್ಥವಲ್ಲ. ಕುಡಿದು ಹೊಡೆಯುವುದು ಕಾಯಿಲೆಯ ಕಾರಣಕ್ಕೆ ಕ್ಷಮ್ಯವಾಗುವುದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ಅಡಿಯಲ್ಲಿ ಮಹಿಳೆಯು ರಕ್ಷಣಾ ಆದೇಶ, ವಾಸದ ಆದೇಶ ಮತ್ತು ಜೀವನಾಂಶವನ್ನು ಕೋರಬಹುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರನ್ನು ಸಂರಕ್ಷಣಾಧಿಕಾರಿಯಾಗಿ ಭೇಟಿ ಮಾಡಬಹುದಾಗಿದೆ. ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯವಿದ್ದು, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಸಾದಾ ಕಾಗದದಲ್ಲಿ ಅರ್ಜಿ ಸಲ್ಲಿಸಿದರೆ ಸಾಕು. ದೂರು ನೀಡುವುದರಿಂದ ಚಿಕಿತ್ಸೆಯ ಹಕ್ಕು ತಪ್ಪುವುದಿಲ್ಲ. ಎರಡೂ ಏಕಕಾಲದಲ್ಲಿ ನಡೆಯಬಹುದು.

ಮಕ್ಕಳಿಗೆ ವಿಷಯವನ್ನು ಅವರ ವಯಸ್ಸಿಗೆ ತಕ್ಕಂತೆ ತಿಳಿಸಬೇಕು. ಅಪ್ಪನ ಕುಡಿತಕ್ಕೆ ತಾವು ಕಾರಣವಲ್ಲ ಎಂಬುದನ್ನು ಮಕ್ಕಳು ಹಿರಿಯರ ಬಾಯಿಂದಲೇ ಕೇಳುವುದು ಅವಶ್ಯಕ. ಮದ್ಯ ತರಲು ಮಕ್ಕಳನ್ನು ಕಳುಹಿಸಬಾರದು. ಮನೆಯ ಆರೈಕೆದಾರರೂ ಊಟ, ನಿದ್ರೆ ಮತ್ತು ತಮ್ಮ ಆರೋಗ್ಯವನ್ನು ಕಡೆಗಣಿಸಬಾರದು.

11. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿಕಿತ್ಸೆಯ ವಿಷಯ ಊರಿನಲ್ಲಿ ತಿಳಿಯುತ್ತದೆಯೇ?
ಉತ್ತರ: ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವುದು ಕಾನೂನಿನನ್ವಯ ಆಸ್ಪತ್ರೆಯ ಕರ್ತವ್ಯವಾಗಿದೆ.

ಪ್ರಶ್ನೆ: ಕುಡಿತ ಬಿಟ್ಟವರು ಅಪರೂಪಕ್ಕೆ ಸ್ವಲ್ಪ ಕಳ್ಳು ಅಥವಾ ಬಿಯರ್ ಕುಡಿಯಬಹುದೇ?
ಉತ್ತರ: ಅವಲಂಬನೆಗೆ ಒಳಗಾಗಿದ್ದವರು ಸಂಪೂರ್ಣ ವರ್ಜಿಸುವುದೇ ಸುರಕ್ಷಿತ. ಇವೆರಡರಲ್ಲಿಯೂ ಮದ್ಯಾಂಶವಿದೆ.

ಪ್ರಶ್ನೆ: ಮಗ ಗಾಂಜಾ ಅಥವಾ ಇತರ ಮಾದಕ ವಸ್ತು ಬಳಸುತ್ತಿದ್ದಾನೆ. ಚಿಕಿತ್ಸೆಗೆ ಹೋದರೆ ಮೊಕದ್ದಮೆ ಆಗುತ್ತದೆಯೇ?
ಉತ್ತರ: ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದಲ್ಲಿ, ಮಾದಕ ದ್ರವ್ಯಗಳ ಅಧಿನಿಯಮ, 1985ರ ಕಲಂ 64ಎ ಪ್ರಕಾರ ಮೊಕದ್ದಮೆಯಿಂದ ವಿನಾಯಿತಿಗೆ ಅವಕಾಶವಿದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ವಿನಾಯಿತಿಯನ್ನು ಹಿಂಪಡೆಯಬಹುದು.

12. ಉಪಯುಕ್ತ ದೂರವಾಣಿ ಸಂಖ್ಯೆಗಳು

ಆಂಬುಲೆನ್ಸ್: 108
ಪೊಲೀಸ್ ಹಾಗೂ ಇತರ ತುರ್ತು ಸೇವೆ: 112
ಟೆಲಿ ಮನಸ್: 14416
ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ: 14446
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಉಚಿತ ಕಾನೂನು ನೆರವು: 15100

ಕುಟುಂಬದ ಸದಸ್ಯರೊಬ್ಬರು ಕುಡಿತ ಬಿಡುವುದಾಗಿ ಹೇಳಿದ ದಿನವೇ ಅವರನ್ನು ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಪ್ರತಿದಿನದ ಪ್ರಮಾಣ, ವರ್ಷಗಳು ಮತ್ತು ಕೊನೆಯ ಬಾರಿ ಕುಡಿದ ಸಮಯವನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.